ಪೋಸ್ಟರಿನಲ್ಲಿ ಇಲ್ಲದ ಹೆಸರು

1891ರಲ್ಲಿ ಪ್ಯಾರಿಸ್ಸಿನ ಮೂಲಾ ರೂಜ್ ನೃತ್ಯಶಾಲೆಗೆ ತುಲೂಸ್ ಲೊತ್ರೆಕ್ ಬರೆದ ಪೋಸ್ಟರನ್ನು ಕಲಾಪಂಡಿತರು ಹೊಗಳಿ ಸುಸ್ತಾಗಿದ್ದಾರೆ. ಶ್ರೀಮಂತರ ಮನೆಯ ಹುಡುಗನಾದರೂ ಆತ ಎತ್ತರದ ಟೊಪ್ಪಿಯ ದೊಡ್ಡ ಮನುಷ್ಯರನ್ನೆಲ್ಲ ಬರೀ ಕಪ್ಪು ನೆರಳು ಮಾಡಿ, ಬೆಳಕನ್ನೆಲ್ಲ ಕುಣಿಯುವವಳ ಬಿಳಿ ಲಂಗಕ್ಕೆ ಕೊಟ್ಟ. ಅದನ್ನು ನಾವೂ ಮೆಚ್ಚುತ್ತೇವೆ. ಆದರೆ ಕುಣಿದವಳು ಯಾರು? ಬಟ್ಟೆ ಒಗೆಯುವವಳ ಮಗಳು ಲೂಯಿಸ್ ವೆಬರ್. ಪೋಸ್ಟರ್ ಮೇಲೆ ಆ ಹೆಸರಿಲ್ಲ. ಇರೋದು 'ಲಾ ಗೂಲ್ಯು', ಅಂದ್ರೆ ಹೊಟ್ಟೆಬಾಕಿ! ಇಂಥ ಅಡ್ಡಹೆಸರು ನಮ್ಮ ಕೇರಿಗೇನು ಹೊಸದೇ? ಬಣ್ಣಕ್ಕೊಂದು ಕಲ್ಲು ಉಜ್ಜಿ, ಮಸಿ ಉರುಳಿಸಿ, ಸುಮಾರು 3,000 ಪ್ರತಿ ತೆಗೆದ ಕಲ್ಲಚ್ಚಿನ ಕೂಲಿಯವರಿಗೆ ಅಡ್ಡಹೆಸರೂ ಸಿಗಲಿಲ್ಲ. ಹಾಳೆ ಮ್ಯೂಸಿಯಂ ಸೇರಿತು. ಆಕೆ ಕೊನೆಗಾಲದಲ್ಲಿ ಅದೇ ನೃತ್ಯಶಾಲೆಯ ಹತ್ತಿರ ಕಡಲೆಕಾಯಿ, ಬೆಂಕಿಪೊಟ್ಟಣ ಮಾರಿಕೊಂಡಿದ್ದು, 1929ರಲ್ಲಿ ಸತ್ತಳು.