ಅನನ್ಯತಾನಿಯಮವೂ ಅನನ್ಯಸೂಚಿಯೂ

ಸಂಬಂಧಾತ್ಮಕ ದತ್ತಾಂಶಕೋಶಗಳಲ್ಲಿ ಒಂದು ಮೌಲ್ಯವು ಎರಡು ಸಾಲುಗಳಲ್ಲಿ ಬರಕೂಡದೆಂಬ ನಿಯಮವೂ (ಯೂನಿಕ್ ಕನ್‌ಸ್ಟ್ರೇಂಟ್), ಗ್ರಂಥದ ಅಕಾರಾದಿಯಂತಿರುವ ಅನನ್ಯಸೂಚಿಯೂ (ಯೂನಿಕ್ ಇಂಡೆಕ್ಸ್) ಅಭಿನ್ನವೆಂದು ಹಲವರ ಮತ. ಇದು ವಿಚಾರಸಹವಲ್ಲ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ನಿಯಮವನ್ನು ವಿಧಿಸಿದೊಡನೆ ಅದರ ನಿರ್ವಾಹಕ್ಕೆ ಸೂಚಿಯೊಂದು ತಾನಾಗಿ ಹುಟ್ಟುವುದು ನಿಜ. ಅಷ್ಟರಿಂದಲೇ ವಿಧಿಯೂ ಸಾಧನವೂ ಏಕವಾಗಲಾರವು. ದಂಡವನ್ನೇ ಘಟವೆನ್ನುವ ತಾರ್ಕಿಕನುಂಟೆ? ಎಸ್‌ಕ್ಯೂಎಲ್ ಭಾಷೆಯ ಪ್ರಮಾಣಗ್ರಂಥವು ನಿಯಮವನ್ನು ವಿಧಿಸುವುದು. ಸೂಚಿಯ ಪ್ರಸ್ತಾಪವೇ ಅಲ್ಲಿಲ್ಲ.

ವ್ಯಾಪ್ತಿಯೂ ಭಿನ್ನವೇ. ‘ಸದಸ್ಯತ್ವವು ರದ್ದಾಗದವರಲ್ಲಿ ಮಾತ್ರ ಸಂಖ್ಯೆಯು ಪುನರುಕ್ತವಾಗಬಾರದು’ ಎಂಬ ಸೋಪಾಧಿಕ ನಿರ್ಬಂಧವು ಸೂಚಿಗೆ ಸಾಧ್ಯ, ನಿಯಮಕ್ಕೆ ಅಸಾಧ್ಯ. ಆದರೆ ಎರಡು ಸಾಲುಗಳ ಕ್ರಮಾಂಕಗಳನ್ನು ಅದಲುಬದಲು ಮಾಡುವಲ್ಲಿ, ಪರೀಕ್ಷೆಯನ್ನು ವ್ಯವಹಾರದ ಕೊನೆಯವರೆಗೆ ಮುಂದೂಡುವಂತೆ ನಿಯಮವನ್ನು ಘೋಷಿಸಬಹುದು. ಬರಿಯ ಸೂಚಿಗೆ ಈ ಸೌಕರ್ಯವಿಲ್ಲ. ಅಜ್ಞಾತಮೌಲ್ಯವಾದ ನಲ್‌ನ ವಿಷಯದಲ್ಲಿ ಮಾತ್ರ ಇವೆರಡರ ನಡೆ ಒಂದೇ.