ಅರವತ್ತಕ್ಕೆ ಅರವತ್ತು

ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಸಿಇಟಿ, ನೀಟು, ರ‍್ಯಾಂಕು, ಸೀಟು ಎಂಬ ಜಪ. ನನ್ನ ಕಣ್ಣು ಮಾತ್ರ ಆ ತಿಂಗಳ 7ನೇ ತಾರೀಖಿನ ಮೇಲೆ. ಅಂದು ಬೆಳಿಗ್ಗೆ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ‘ಗಾವ್‌ಕಾವ್’ ಶುರುವಾಗುತ್ತದೆ. ಮೊದಲ ಪತ್ರಿಕೆ ಚೀನೀ ಭಾಷೆಯದು; ಅದರ ತುದಿಯಲ್ಲಿ ಒಂದು ಪ್ರಬಂಧ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಪ್ರಬಂಧದ ವಿಷಯ ದೇಶಕ್ಕೆಲ್ಲ ಗೊತ್ತಾಗಿ, ಪರೀಕ್ಷೆಗೂ ತಮಗೂ ಸಂಬಂಧವಿಲ್ಲದವರೆಲ್ಲ ತಾವಾಗಿದ್ದರೆ ಏನು ಬರೆಯುತ್ತಿದ್ದೆವು ಎಂದು ಮಾತಿಗಿಳಿಯುತ್ತಾರೆ. ಒಎಂಆರ್ ಹಾಳೆಯ ಸೊನ್ನೆಗಳಿಗೆ ಮಸಿ ತುಂಬಿ ಎಂಜಿನಿಯರಿಂಗ್ ಸೇರುವ ನಾಡಿನವನಾದ ನನಗೆ, ಕಾಲೇಜಿನ ಬಾಗಿಲಲ್ಲಿ ಒಂದು ಪ್ರಬಂಧ ಅಡ್ಡ ನಿಂತಿರುವುದೇ ಸೋಜಿಗ. 2024ರಲ್ಲಿ ಆ ಬಾಗಿಲಿಗೆ ಬಂದವರು 1 ಕೋಟಿ 34 ಲಕ್ಷ ಮಕ್ಕಳು.

ವಿಷಯಗಳ ಪೈಕಿ ನನಗೆ ಅತ್ಯಂತ ಪ್ರಿಯವಾದದ್ದು 2016ರ ವ್ಯಂಗ್ಯಚಿತ್ರ. ಇಬ್ಬರು ಮಕ್ಕಳು. ಮೊದಲ ಸಲ ಒಬ್ಬನಿಗೆ 100, ಕೆನ್ನೆಗೆ ಮುತ್ತು. ಇನ್ನೊಬ್ಬನಿಗೆ 55, ಕೆನ್ನೆಗೆ ಏಟು. ಮುಂದಿನ ಸಲ ಮೊದಲನೆಯವನಿಗೆ 98, ಕೆನ್ನೆಗೆ ಏಟು. ಎರಡನೆಯವನಿಗೆ 61, ಮುತ್ತು. ಅಷ್ಟೇ ಚಿತ್ರ. ಇದನ್ನು ನೋಡಿದೊಡನೆ ಸಾವಿರಾರು ಪೆನ್ನುಗಳು ‘ಅಂಕವೇ ಬದುಕಲ್ಲ’ ಎಂದು ಓಡತೊಡಗಿರುತ್ತವೆ, ಅನುಮಾನವಿಲ್ಲ. ಆದರೆ ಚಿತ್ರದಲ್ಲಿರುವುದು ಅದಲ್ಲವಲ್ಲ! ಎರಡನೆಯ ಸಲ ಏಟು ಬಿದ್ದದ್ದು ಕಡಿಮೆ ಅಂಕಕ್ಕಲ್ಲ, ಇಳಿದ ಅಂಕಕ್ಕೆ. 98 ಇಂದಿಗೂ 61ಕ್ಕಿಂತ ದೊಡ್ಡದು. ಆದರೂ ಏಟು ಬಿದ್ದದ್ದು 98ಕ್ಕೆ. ಇಬ್ಬರನ್ನೂ ಅವರವರ ನಿನ್ನೆಯ ಪಕ್ಕದಲ್ಲಿಟ್ಟು ಅಳೆಯಲಾಗಿದೆ. ಇದು ನ್ಯಾಯವೋ ಅನ್ಯಾಯವೋ ಎಂದು ಕೇಳಬಹುದು. 100 ತೆಗೆದವನಿಗೆ ಇನ್ನು ಮೇಲೇರಲು ಜಾಗವೇ ಇಲ್ಲವಲ್ಲ ಎಂದು ಕೇಳಬಹುದು. ಮುತ್ತು ಕೊಡುವವರೇ ಹೊಡೆಯುವುದಾದರೆ ಮಗು ಕಲಿಯುವುದು ಪಾಠವನ್ನೋ ಅಪ್ಪ ಅಮ್ಮನ ಮುಖವನ್ನೋ ಎಂದೂ ಕೇಳಬಹುದು. ಇವುಗಳಲ್ಲಿ ಒಂದನ್ನು ಹಿಡಿದು ಕೊನೆಯವರೆಗೆ ಬಿಡದವನಿಗೆ ಅಂಕ ಕಟ್ಟಿಟ್ಟದ್ದು.

ನಾನು ಹೇಳುವುದು ಊಹೆಯ ಮೇಲಲ್ಲ. ಮೌಲ್ಯಮಾಪನದ ನಿಯಮವೇ ಹಾಗಿದೆ. ಎರಡೂವರೆ ಗಂಟೆಯ ಆ ಪತ್ರಿಕೆಗೆ 150 ಅಂಕ, ಅದರಲ್ಲಿ ಪ್ರಬಂಧದ ಪಾಲು ಸಾಮಾನ್ಯವಾಗಿ 60. ಈ ಅರವತ್ತನ್ನು ಮೂರು ಇಪ್ಪತ್ತುಗಳಾಗಿ ಒಡೆದಿದ್ದಾರೆ. ವಿಷಯಕ್ಕೊಂದು, ಅಭಿವ್ಯಕ್ತಿಗೊಂದು, ಇನ್ನೊಂದು ಬೆಳವಣಿಗೆ ಎಂದು ಕರೆಯಬಹುದಾದ ಮೇಲ್ಮಟ್ಟಕ್ಕೆ. ಗಹನತೆ, ಸಮೃದ್ಧಿ, ಮಾತಿನ ಸೊಗಸು, ಹೊಸತನ ಬರುವುದು ಈ ಮೂರನೆಯ ಇಪ್ಪತ್ತರಲ್ಲಿ. ನಾಲ್ಕೂ ಬೇಕಿಲ್ಲ, ಒಂದು ಎದ್ದು ಕಂಡರೂ ಸಾಕು. ಆದರೆ ಕೀಲಿರುವುದು ಬೇರೆಡೆ: ಮೊದಲೆರಡರಲ್ಲಿ ಯಾವ ದರ್ಜೆಯೋ ಮೂರನೆಯದರಲ್ಲೂ ಅದನ್ನು ದಾಟುವಂತಿಲ್ಲ. ವಿಷಯ ಬಿಟ್ಟು ಹೊರಟವನು ಎಷ್ಟೇ ಸೊಗಸಾಗಿ ಬರೆಯಲಿ, ಆ ಸೊಗಸಿಗೆ ಪ್ರತ್ಯೇಕ ದಕ್ಷಿಣೆಯಿಲ್ಲ. ನಮ್ಮ ಪ್ರಬಂಧ ಸ್ಪರ್ಧೆಗಳ ತೀರ್ಪುಗಾರರು ಈ ಒಂದು ಸಾಲನ್ನು ಬರೆದಿಟ್ಟುಕೊಳ್ಳಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಉಳಿದದ್ದು ಲೆಕ್ಕಾಚಾರ. ಕನಿಷ್ಠ 800 ಅಕ್ಷರ, ಚೌಕ ಚೌಕವಾಗಿ ಗೆರೆ ಎಳೆದ ಹಾಳೆ, ಒಂದು ಚೌಕಕ್ಕೊಂದು ಅಕ್ಷರ; ಅಲ್ಪವಿರಾಮಕ್ಕೂ ಒಂದು ಚೌಕ. ಹೀಗಾಗಿ ಎಣಿಸದೆಯೇ ಉದ್ದ ಕಣ್ಣಿಗೆ ಕಾಣುತ್ತದೆ. ಕಡಿಮೆ ಬಿದ್ದರೆ ಅಂಕ ಕಡಿತ, ಶೀರ್ಷಿಕೆ ಮರೆತರೆ ಕಡಿತ, ತಪ್ಪಕ್ಷರಕ್ಕೂ ಕಡಿತ. ಬರೆದದ್ದನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ. ಅವರ ನಡುವಿನ ಅಂತರ ಮಿತಿ ಮೀರಿದರೆ ಮೂರನೆಯವರಿಗೆ ಹೋಗುತ್ತದೆ. ಓದುವವರ ಮುಂದೆ ಇಂಥವು ಸಾಲುಗಟ್ಟಿರುವುದರಿಂದ ಅಚ್ಚುಕಟ್ಟಾದ ಕೈಬರಹಕ್ಕೆ ಚೀನಾದ ಮೇಷ್ಟ್ರುಗಳು ಇಂದಿಗೂ ಪ್ರಾಣ ಬಿಡುತ್ತಾರೆ. ಬಿಡಲಿ, ಅದರಲ್ಲಿ ತಪ್ಪಿಲ್ಲ.

ಹಾಗಾದರೆ ಅಲ್ಲಿ ಗಿಳಿಪಾಠ ಇಲ್ಲವೇ? ಧಾರಾಳವಾಗಿದೆ. ಆರಂಭ ಫೀನಿಕ್ಸ್ ತಲೆಯಂತೆ ಚೆಲುವಾಗಿ, ನಡು ಹಂದಿಯ ಹೊಟ್ಟೆಯಂತೆ ತುಂಬಿ, ಕೊನೆ ಚಿರತೆಯ ಬಾಲದಂತೆ ಬಿರುಸಾಗಿ ಇರಬೇಕು ಎಂಬುದು ಯುವಾನ್ ರಾಜರ ಕಾಲದ ಕವಿ ಚಿಯಾವ್ ಜಿ ಹಾಡು ಕಟ್ಟುವವರಿಗೆ ಹೇಳಿದ ಮಾತು. ಇಂದು ಅದು ಹೈಸ್ಕೂಲು ಮಕ್ಕಳ ಬಾಯಿಪಾಠ. ದೃಷ್ಟಾಂತಕ್ಕೆ ಇತಿಹಾಸಕಾರ ಸಿಮಾ ಚಿಯಾನ್, ನದಿಗೆ ಹಾರಿದ ಕವಿ ಚು ಯುವಾನ್, ಗಡೀಪಾರಾದ ಸು ಶಿ. ಧೈರ್ಯದ ಮೇಲೆ ವಿಷಯ ಬಂದರೂ ಇವರೇ, ಸೋಲಿನ ಮೇಲೆ ಬಂದರೂ ಇವರೇ. ಪಾಪ, ಸಿಮಾ ಚಿಯಾನ್‌ನಿಗೆ ರಾಜ ಕೊಟ್ಟ ಶಿಕ್ಷೆ ಸಾಲದೆಂಬಂತೆ ಮಕ್ಕಳು ಪ್ರತಿ ಜೂನ್‌ನಲ್ಲಿ ಮತ್ತೆ ಕೊಡುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ‘ಸಿದ್ಧ ಮಾದರಿಗೆ ತುರುಕಬೇಡಿ, ನಕಲು ಮಾಡಬೇಡಿ’ ಎಂಬ ಸೂಚನೆ ಅಚ್ಚಾಗಿಯೇ ಇರುತ್ತದೆ.

ಅದೃಷ್ಟಕ್ಕೂ ಒಂದು ಪಾಲು ಕೊಡಬೇಕು. 1999ರಲ್ಲಿ ‘ನೆನಪನ್ನು ಕಸಿ ಮಾಡುವಂತಿದ್ದರೆ’ ಎಂಬ ವಿಷಯ ಬಂದಾಗ, ಚೆಂಗ್ದುವಿನ ಒಂದು ವೈಜ್ಞಾನಿಕ ಕಥೆಗಳ ಪತ್ರಿಕೆಯಲ್ಲಿ ಆಗಷ್ಟೇ ಅದೇ ವಿಷಯ ಪ್ರಕಟವಾಗಿತ್ತು. ಕಥೆಪುಸ್ತಕ ಓದಬೇಡವೆಂದು ಗದರುವ ಅಪ್ಪ ಅಮ್ಮಂದಿರು ಆ ವರ್ಷ ಏನು ಹೇಳಿದರೋ.

ಪೂರ್ಣಾಂಕದ ಕಥೆಗಳಲ್ಲಿ ಎರಡು ದೊಡ್ಡವು. 2001ರಲ್ಲಿ ‘ಪ್ರಾಮಾಣಿಕತೆ’ ವಿಷಯಕ್ಕೆ ನಾನ್‌ಜಿಂಗಿನ ಜಿಯಾಂಗ್ ಶಿನ್‌ಜಿಯೆ ‘ಕೆಂಪು ಕುದುರೆಯ ಸಾವು’ ಬರೆದು ಪೂರ್ತಿ ಅಂಕ ಪಡೆದ. ‘ಮೂರು ರಾಜ್ಯಗಳ ಕಥೆ’ಯ ಕುದುರೆ ಅದು, ಒಡೆಯ ಗುವಾನ್ ಯು ಸತ್ತ ಮೇಲೆ ಮೇವು ಬಿಟ್ಟು ಸಾಯುತ್ತದೆ. ಹುಡುಗ ಆ ಕುದುರೆಯಿಂದಲೇ ಮಾತಾಡಿಸಿದ, ಅದೂ ಹಳೆಯ ಕಾದಂಬರಿಗಳ ಭಾಷೆಯಲ್ಲಿ. ನಮ್ಮ ಪಿಯುಸಿ ಹುಡುಗನೊಬ್ಬ ಪ್ರಬಂಧವನ್ನು ನಡುಗನ್ನಡದಲ್ಲಿ ಬರೆದಂತೆ ಅನ್ನಿ. ಮುಂದಿನ ವರ್ಷಗಳಲ್ಲಿ ಹಳೆಯ ಭಾಷೆಯನ್ನು ಅನುಕರಿಸಿದವರು ಬಹಳ. ವಿಷಯ ಪ್ರಾಮಾಣಿಕತೆಯಾದ್ದರಿಂದಲೇ ಒಡೆಯರನ್ನು ಬದಲಿಸುತ್ತ ಬಂದರೂ ಕೊನೆಯವನಿಗಾಗಿ ಪ್ರಾಣ ಬಿಟ್ಟ ಕುದುರೆ ಅಲ್ಲಿ ಹೊಂದಿತು ಎಂಬುದನ್ನು ಗಮನಿಸಿದವರು ಎಷ್ಟು ಮಂದಿಯೋ.

ಎರಡನೆಯದು 2020ರ ಜೆಜಿಯಾಂಗ್ ಪ್ರಾಂತ್ಯದ ‘ಮರದ ಮೇಲಿನ ಬದುಕು’. ತತ್ತ್ವಜ್ಞಾನಿಗಳಾದ ಹೈಡೆಗರ್, ಮ್ಯಾಕಿಂಟೈರ್, ಕಾದಂಬರಿಕಾರ ಇಟಾಲೊ ಕಾಲ್ವಿನೊ ಎಲ್ಲ ಒಂದೇ ಹಾಳೆಯಲ್ಲಿ. ಜೊತೆಗೆ ಓದಿಕೊಂಡವರೂ ನಿಘಂಟು ತೆರೆಯಬೇಕಾದ ಅಕ್ಷರಗಳು. ಮೊದಲು ಓದಿದವರು 39 ಕೊಟ್ಟರು. ಮುಂದಿನ ಇಬ್ಬರು 55, 55. ಕೊನೆಗೆ ಹಿರಿಯರ ತಂಡ ಕೂತು 60 ಮಾಡಿತು. ಪತ್ರಿಕೆಯಲ್ಲಿ ಪ್ರಕಟವಾದಾಗ ದೇಶವೇ ಎರಡು ಪಾಲಾಗಿ ಜಗಳಕ್ಕಿಳಿಯಿತು. ನನ್ನ ಮತ ಯಾರಿಗೆ? 39 ಕೊಟ್ಟವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ಒಡವೆ ನೋಡಿ ಮುಖ ನೋಡದೆ ಹೋದರು. ಕೇಳಿದ್ದ ವಿಷಯ, ಮನೆ ಮತ್ತು ಸಮಾಜ ನಮ್ಮಿಂದ ಬಯಸುವುದಕ್ಕೂ ನಾವು ಆರಿಸಿಕೊಳ್ಳುವ ನೆಲೆಗೂ ನಡುವಿನ ಅಂತರದ ಬಗ್ಗೆ. ಕಾಲ್ವಿನೊನ 1957ರ ಕಾದಂಬರಿಯಲ್ಲಿ ಅಪ್ಪನ ಊಟದ ಮೇಜಿನಿಂದೆದ್ದ ಹುಡುಗ ಮರ ಹತ್ತಿ ಮತ್ತೆ ನೆಲಕ್ಕಿಳಿಯುವುದಿಲ್ಲ, ಆದರೂ ಊರಿನ ವ್ಯವಹಾರ ಬಿಡುವುದಿಲ್ಲ. ಕೇಳಿದ ಪ್ರಶ್ನೆಗೆ ಇಷ್ಟು ಸರಿಯಾಗಿ ಕೂರುವ ಕಥೆ ಇನ್ನೊಂದು ಸಿಗುವುದು ಕಷ್ಟ. ಆದರೂ 60 ಹೆಚ್ಚಾಯಿತು. ನಾನಾಗಿದ್ದರೆ 52ಕ್ಕೆ ನಿಲ್ಲಿಸುತ್ತಿದ್ದೆ. ಪ್ರಬಂಧವನ್ನು ಮೆಚ್ಚಿ ಬರೆದ ಮೌಲ್ಯಮಾಪನ ಮುಖ್ಯಸ್ಥ ಚೆನ್ ಜಿಯಾನ್‌ಶಿನ್ ಅವರೇ ಅದರ ಗಡಚುತನವನ್ನು ಮಕ್ಕಳು ಅನುಕರಿಸುವುದು ಬೇಡ ಎಂದು ಸೇರಿಸಿದ್ದರು.

ಇದಾಗಿ ಎರಡೇ ವರ್ಷಕ್ಕೆ, 2022ರಲ್ಲಿ, ಒಂದು ರಾಷ್ಟ್ರೀಯ ಪ್ರಶ್ನೆಪತ್ರಿಕೆ ‘ಗೋ’ ಆಟದ ಮೂರು ಬಗೆಯ ನಡೆಗಳನ್ನು ವಿಷಯವಾಗಿ ಕೊಟ್ಟಿತು. ಆಟದ ತತ್ತ್ವಕ್ಕೆ ಸರಿಯಾದ ನಡೆ. ಯಾರೂ ಎಣಿಸದ ಚಮತ್ಕಾರದ ನಡೆ. ಸರಿಯೆಂದು ಕಂಡರೂ ಇಡೀ ಮಣೆಯನ್ನು ನೋಡಿದರೆ ನಷ್ಟ ತರುವ ನಡೆ. ಹೊಸಬರು ಚಮತ್ಕಾರದ ಬೆನ್ನು ಹತ್ತಿ ಮೊದಲನೆಯದನ್ನು ಬಿಡುತ್ತಾರೆ, ಹಾಗೆ ಮಾಡಿ ಮೂರನೆಯದಕ್ಕೆ ಬೀಳುತ್ತಾರೆ ಎಂಬ ಮಾತು ಪ್ರಶ್ನೆಯಲ್ಲಿಯೇ ಇತ್ತು. ವಿಷಯ ಆರಿಸಿದವರು ತುಂಟರೇ ಇರಬೇಕು. ಪರೀಕ್ಷೆ ಬರೆಯುವುದು ಹೇಗೆಂದು ಪ್ರಶ್ನೆಪತ್ರಿಕೆಯೇ ಹೇಳಿಕೊಟ್ಟ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಈ ಭಾನುವಾರ ಬಿಡುವಿದ್ದವರು 2024ರ ಒಂದು ವಿಷಯವನ್ನು ಪ್ರಯತ್ನಿಸಿ ನೋಡಬಹುದು. ಅಂತರ್ಜಾಲ, ಕೃತಕ ಬುದ್ಧಿಮತ್ತೆಗಳಿಂದ ಹೆಚ್ಚು ಹೆಚ್ಚು ಪ್ರಶ್ನೆಗಳಿಗೆ ಬೇಗನೆ ಉತ್ತರ ಸಿಗುತ್ತಿದೆ. ಹಾಗಿದ್ದರೆ ನಮ್ಮ ಪ್ರಶ್ನೆಗಳು ಕಡಿಮೆಯಾಗುತ್ತವೆಯೇ? ಮೊಬೈಲಿನ ಕೆಡುಕಿನ ಮೇಲೆ ಭಾಷಣ ಬೇಡ. ಅದನ್ನು ಯಾರೂ ಕೇಳಿಲ್ಲ. ಕೇಳಿರುವುದು ಪ್ರಶ್ನೆಗಳ ಬಗ್ಗೆ, ಅದೂ ‘ನಮ್ಮ’ ಪ್ರಶ್ನೆಗಳ ಬಗ್ಗೆ. ಪೆನ್ನು ಎತ್ತುವ ಮುಂಚೆ ಹತ್ತು ನಿಮಿಷ ಸುಮ್ಮನೆ ಕೂತು, ಬೇಗ ಉತ್ತರ ಸಿಗದ ನಿಮ್ಮದೇ ಒಂದು ಪ್ರಶ್ನೆಯನ್ನು ಹುಡುಕಿಕೊಳ್ಳಿ. ಆಮೇಲೆ ಐವತ್ತು ನಿಮಿಷ, 800 ಚೌಕ. ಶೀರ್ಷಿಕೆ ಮರೆಯಬೇಡಿ.