ಮರಿಗಳಿಗೊಂದು ಗಡಿಗೆ ಒರಲೆ

ಹಲ್ಲಿ, ಓತಿ ಸಾಕುವ ವಿದೇಶದ ಹವ್ಯಾಸಿಗಳು ಅವುಗಳ ಹೊಟ್ಟೆಗೆಂದೇ ಡಬ್ಬಿಗಳಲ್ಲಿ ಜಿರಲೆ ಬೆಳೆಸುತ್ತಾರೆ. ನಮ್ಮ ಹಿತ್ತಲಿನ ಕೋಳಿಮರಿಗಳಿಗೆ ಇದಕ್ಕಿಂತ ಅಗ್ಗದ ಉಪಾಯವಿದೆ: ಒರಲೆ ಗಡಿಗೆ.

ಬೇಕಾಗುವ ಸಾಮಾನೆಲ್ಲ ಮಾಗಡಿ, ಶಿರಹಟ್ಟಿ ಸೀಮೆಯ ಯಾವ ಹಿತ್ತಲಲ್ಲೂ ಸಿಗುವಂಥದ್ದೇ. ಬಾಯಿ ಒಡೆದ ಹಳೇ ಗಡಿಗೆ, ಹರಿದ ಗೋಣಿತಾಟು, ಪುಡಿ ಮಾಡಿದ ಕುಳ್ಳು, ಜೋಳದ ಕಣಕಿಯ ಚೂರು. ಇವನ್ನು ಗಡಿಗೆಗೆ ಸಡಿಲವಾಗಿ ತುಂಬಿ, ನೀರು ಚಿಮುಕಿಸಿ, ಒರಲೆ ಓಡಾಡುವ ನೆಲದ ಮೇಲೆ ಸಂಜೆ ಬೋರಲು ಹಾಕಬೇಕು. ಒರಲೆಗೆ ಬೇಕಾದದ್ದು ಕತ್ತಲೆ, ತೇವ ಮತ್ತು ನಾರು. ಮೂರೂ ಒಂದೇ ಕಡೆ ಸಿಕ್ಕರೆ ನೆಲದಡಿಯಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಗಡಿಗೆ ಎತ್ತಿ ಮರಿಗಳ ಮುಂದೆ ಕೊಡವಿದರಾಯಿತು. ತಡಮಾಡಿದರೆ ಇರುವೆಗಳು ಪಾಲು ಕೇಳುತ್ತವೆ.

ಇಲ್ಲಿನ ಜಾಣ್ಮೆ ಸಾಕುವುದರಲ್ಲಿಲ್ಲ, ಕರೆಸಿಕೊಳ್ಳುವುದರಲ್ಲಿದೆ. ಗಡಿಗೆಗೆ ಬರುವವು ಹೆಚ್ಚಾಗಿ ಕೆಲಸಗಾರ ಒರಲೆಗಳು. ಮೊಟ್ಟೆಯಿಡುವ ರಾಣಿ ಗೂಡಲ್ಲೇ ಉಳಿಯುವುದರಿಂದ ಸಂತತಿ ನಿಲ್ಲುವುದಿಲ್ಲ. ಕಣಕಿಯ ನಾರನ್ನು ಕೋಳಿ ಅರಗಿಸಿಕೊಳ್ಳಲಾರದು. ಒರಲೆ ಅದನ್ನೇ ತಿಂದು ಪ್ರೋಟೀನು, ಕೊಬ್ಬು ಮಾಡಿಕೊಂಡು ಮರಿಯ ಕೊಕ್ಕಿಗೆ ತಲುಪಿಸುತ್ತದೆ. ನುಚ್ಚು ತಿಂದು ಸಾಕಾದ ಮರಿಗೆ ಅದು ಹಬ್ಬದೂಟ.

ಎಚ್ಚರ ಎರಡೇ: ಗಡಿಗೆ ಮನೆಯ ತೊಲೆ, ಬಾಗಿಲುಗಳಿಂದ ದೂರವಿರಲಿ, ಒರಲೆಗೆಂದು ಔಷಧ ಹೊಡೆದ ಜಾಗದ ಹುಳ ಮರಿಗಳಿಗೆ ಬೇಡ. ಹೊಲದಲ್ಲಿ ಬೈಸಿಕೊಳ್ಳುವ ಪ್ರಾಣಿಯನ್ನು ಹಿತ್ತಲಲ್ಲಿ ದುಡಿಸಿಕೊಳ್ಳುವ ಈ ಉಪಾಯಕ್ಕೆ ತಗಲುವ ಖರ್ಚು ಒಂದು ತಂಬಿಗೆ ನೀರು.